ಜರ್ಮನಿಯ ಡ್ರೆಸ್ಡೆನ್‌ನಿಂದ ಅವ್ವನಿಗೆ

ಅವ್ವ, ಅಪ್ಪಾಜಿ, ಇಬ್ಬರಿಗೂ ನಮಸ್ಕಾರ. ನಾನು ಕ್ಷೇಮ. ಅಜ್ಜಿ, ಮಂಜ ಚೆನ್ನಾಗಿದ್ದಾರೆ ಅಂದುಕೊಂಡಿದ್ದೀನಿ.

ಅವ್ವ, ಅಪ್ಪಾಜಿ ಕೆಮ್ಮಿನ ವಿಷಯ ಓದಿದಾಗಿನಿಂದ ಕೆಲಸದ ಮೇಲೆ ಮನಸ್ಸು ನಿಲ್ಲುತ್ತಿಲ್ಲ. ಅದರ ಜೊತೆಗೆ ‘ಅವರಿಗೆ ಮಿಲ್ಲಿನ ಧೂಳು, ನಿನಗೆ ಲ್ಯಾಬಿನ ಪುಡಿ, ಇಬ್ಬರ ಎದೀನೂ ಹಾಳಾಗ್ತೈತಿ’ ಅಂತ ಬೇರೆ ಬರೆದಿದ್ದೀಯ. ಮೊದಲು ನನ್ನದು ಹೇಳಿ ಮುಗಿಸ್ತೀನಿ.

ನನ್ನ ಕೆಲಸ ಅಗಸೆ ನಾರಿನದು. ನಾವು ಚಟ್ನಿಪುಡಿ ಮಾಡ್ತೀವಲ್ಲ, ಅದೇ ಅಗಸೆ. ಇಲ್ಲಿ ಅದರ ದಂಟಿನ ನಾರು ತೆಗೆದು ಕಾರಿನ ಬಾಗಿಲಿನ ಒಳಹಲಗೆಗೂ ಬಳಸ್ತಾರೆ. ನಾನು ಆ ನಾರನ್ನು ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ ಜೊತೆ ಒತ್ತಿ ಹಲಗೆ ಮಾಡ್ತೀನಿ. ಪಿಎಲ್‌ಎಯನ್ನು ಮೆಕ್ಕೆಜೋಳದ ಪಿಷ್ಟದಿಂದ ಮಾಡಬಹುದು. ನಮ್ಮೂರ ಮಂಡಿಯಲ್ಲಿ ಮೆಕ್ಕೆಜೋಳ ಹೇಗೆ ರಾಶಿ ಬೀಳುತ್ತೆ ಅಂತ ಇಲ್ಲಿಯವರಿಗೆ ಫೋಟೊ ತೋರಿಸಿದೆ, ಬಾಯಿ ಬಿಟ್ಟುಕೊಂಡು ನೋಡಿದರು!

ನಾರು ನೀರನ್ನು ಎಳೆದುಕೊಳ್ಳುತ್ತೆ, ಪ್ಲಾಸ್ಟಿಕ್ ದೂರ ತಳ್ಳುತ್ತೆ, ಹಾಗಾಗಿ ಎರಡೂ ಗಟ್ಟಿಯಾಗಿ ಅಂಟಲ್ಲ. ತೇವಕ್ಕೆ ನಾರು ಉಬ್ಬಿ ಹಲಗೆ ಬಿಟ್ಟುಕೊಳ್ಳುತ್ತೆ. ಅದಕ್ಕೇ ನಾರನ್ನು ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿ ತೊಳೀತೀವಿ, ಪ್ಲಾಸ್ಟಿಕ್‌ಗೆ ನ್ಯಾನೊ ಜೇಡಿಮಣ್ಣು ಸೇರಿಸ್ತೀವಿ. ಅದರ ಒಂದೊಂದು ಪದರ ಸುಮಾರು 1 ನ್ಯಾನೊಮೀಟರ್ ದಪ್ಪ, ಅಂದರೆ ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲು. ಆ ಪದರಗಳು ಅಡ್ಡ ಬಂದು ನೀರು ಸಲೀಸಾಗಿ ಒಳಗೆ ಇಳಿಯೋಕೆ ಬಿಡಲ್ಲ. ನೂರಕ್ಕೆ ಒಂದೆರಡು ಪಾಲು ಹಾಕಿದರೂ ಹಲಗೆಯ ಬಿಗಿ ಹೆಚ್ಚುತ್ತೆ. ಜಾಸ್ತಿಯಾದರೆ ಸರಿಯಾಗಿ ತಿರುವದ ಮುದ್ದೆಯ ಹಾಗೆ ಗಂಟುಗಟ್ಟುತ್ತೆ, ಬಿರುಕು ಆ ಗಂಟಿನಿಂದಲೇ ಶುರು. ಬಿಸಿಯೂ 200 ಡಿಗ್ರಿ ದಾಟಬಾರದು, ನಾರು ಕರಕಲಾಗುತ್ತೆ.

ಆ ಜೇಡಿಮಣ್ಣಿನ ಪುಡಿ ತೂಗೋದು ಗಾಳಿ ಎಳೆಯೋ ಗಾಜಿನ ಪೆಟ್ಟಿಗೆಯೊಳಗೆ. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಪ್ಲಾಸ್ಟಿಕ್‌ನಲ್ಲಿ ಬೆರೆತ ಮೇಲೆ ಹಾರೋ ಮಾತೇ ಇಲ್ಲ, ಹಲಗೆ ಕೊಯ್ಯುವಾಗಲೂ ನೀರು ಬಿಡ್ತೀವಿ. ನನಗೆ ಏನೂ ಆಗಲ್ಲ ಅವ್ವ, ಏನೇನೂ ಆಗಲ್ಲ.

ಅಪ್ಪಾಜಿಗೆ ಮಿಲ್ಲಿನಲ್ಲಿ ಹತ್ತಿ ಬಿಡಿಸಿ ಕಸ ತೆಗೆಯೋ ಆ ಬ್ಲೋ ರೂಮಿನಲ್ಲಿ ಇದ್ಯಾವುದಿತ್ತು? ಬಾಯಿಗೆ ಸುತ್ತಿಕೊಂಡ ಟವೆಲ್ ಒಂದೇ. ಭಾನುವಾರದ ರಜೆ ಕಳೆದು ಸೋಮವಾರ ಪಾಳಿಗೆ ಹೋದರೆ ಎದೆ ಬಿಗೀತೈತಿ ಅಂತಿದ್ದರು, ನೆನಪಿದೆಯಾ? ಹತ್ತಿಧೂಳಿನಿಂದ ಬರೋ ಬಿಸಿನೋಸಿಸ್ ಕಾಯಿಲೆಯ ಗುರುತೇ ಅದು. ಇಲ್ಲಿ ಧೂಳಿನ ಸುರಕ್ಷತೆ ಪಾಠದಲ್ಲಿ ಅದನ್ನು ಹೇಳಿದಾಗ ನನಗೆ ಅಲ್ಲಿ ಕೂರೋಕೇ ಆಗಲಿಲ್ಲ. ಈಗಿನ ಕೆಮ್ಮು ಅದೇ ಅಂತ ನಾನು ಹೇಳ್ತಿಲ್ಲ, ಡಾಕ್ಟರೇ ನೋಡಿ ಹೇಳಲಿ. ಈ ವಾರವೇ ಚಿಗಟೇರಿ ಆಸ್ಪತ್ರೆಗೆ ಕರ್ಕೊಂಡು ಹೋಗು. ಮಿಲ್ಲಿನಲ್ಲಿ ದುಡಿದಿದ್ದನ್ನು ಮೊದಲೇ ಹೇಳಿ, ಕೇಳೋವರೆಗೂ ಕಾಯಬೇಡಿ. ಉಸಿರಿನ ಟೆಸ್ಟ್ ಅಂದರೆ ಕೊಳವೆಗೆ ಊದೋದಷ್ಟೇ, ಸೂಜಿ ಇಲ್ಲ. ಎರಡು ವಾರ ದಾಟಿದ ಕೆಮ್ಮಾದ್ದರಿಂದ ಕಫವನ್ನೂ ಪರೀಕ್ಷೆ ಮಾಡಿಸಿ. ಬೀಡಿ ಮಾತ್ರ ಇವತ್ತೇ ನಿಲ್ಲಬೇಕು.

ದುಡ್ಡು ಕಳಿಸಿದ್ದೀನಿ. ಅದು ಅಪ್ಪಾಜಿ ಆಸ್ಪತ್ರೆಗೆ. ಮಂಜನ ಫೀಸಿಗೆ ಬೇರೆ ಕಳಿಸ್ತೀನಿ, ಅದಕ್ಕೆ ಇದನ್ನು ಮುಟ್ಟಬೇಡಿ. ನನಗೆ ಇಲ್ಲಿ ಖರ್ಚೇ ಇಲ್ಲ. ಭಾನುವಾರ ಅಂಗಡಿಗಳೇ ಬಾಗಿಲು ತೆಗೆಯಲ್ಲ! ಖಾಲಿ ನೀರಿನ ಬಾಟ್ಲಿ ಅಂಗಡಿಯ ಮೆಷಿನ್ನಿಗೆ ಹಾಕಿದರೆ 25 ಸೆಂಟ್ ವಾಪಸ್ ಬೇರೆ ಬರುತ್ತೆ. ಊಟ, ನಿದ್ದೆ ಎಲ್ಲ ಸರಿಯಾಗಿದೆ.

ಒಲೆಯ ಮೇಲೆ ಅನ್ನ ಇಟ್ಟಿದ್ದೀನಿ, ಉಳಿದದ್ದು ಆಮೇಲೆ. ಟೆಸ್ಟ್ ಆದ ದಿನವೇ ಮಂಜನ ಕೈಲಿ ಫೋನ್ ಮಾಡಿಸು, ಎಷ್ಟು ಹೊತ್ತಾದರೂ ಎತ್ತುತ್ತೀನಿ.

ಇಂತಿ ನಿನ್ನ ಮಗಳು,
ಸುಧಾ