ಅಕ್ಕ ಹಾದುಹೋಗುವ ದಾರಿಯಲ್ಲಿ ನಿನ್ನ ಮನೆ

ಚಿರಂಜೀವಿ ಸೋದರಳಿಯನಿಗೆ ಗದಗದಿಂದ ನಿನ್ನ ಅತ್ತೆ ಮಾಡುವ ಅನೇಕ ಆಶೀರ್ವಾದಗಳು. ನಿನ್ನ ಅಕ್ಕನ ಕಾಯಿಲೆಯ ಸುದ್ದಿ ಬೇರೆಯವರ ಬಾಯಿಂದ ತಿಳಿಯಿತೆಂದು ನೀನು ಫೋನಿನಲ್ಲಿ ನೊಂದುಕೊಂಡೆ. ಅಂದು ನನ್ನಿಂದ ಹೆಚ್ಚು ಮಾತಾಡಲಾಗಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಕೆಗೆ ಸ್ತನ ಕ್ಯಾನ್ಸರ್ ಆಗಿರುವುದು ನಿಜ. ಗಂಟು ದೊಡ್ಡದಿರುವುದರಿಂದ ಮೊದಲು ಕೀಮೋ ಕೊಟ್ಟು ಅದನ್ನು ಕುಗ್ಗಿಸಿ, ಅನಂತರ ಶಸ್ತ್ರಚಿಕಿತ್ಸೆ, ಅದಾದ ಮೇಲೆ ರೇಡಿಯೇಶನ್ ಎಂದು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಮೂರು ವಾರಕ್ಕೊಮ್ಮೆಯಂತೆ 8 ಸಲ ಕೀಮೋ, ಅಂದರೆ ಹತ್ತಿರ ಹತ್ತಿರ ಆರು ತಿಂಗಳು. ಮೊದಲನೆಯದು ಆಗಿದೆ. ಅಂದು ಆಕೆ ನಸುಕಿನ ಬಸ್ಸಿಗೆ ಗದಗ ಬಿಟ್ಟು, ಹುಬ್ಬಳ್ಳಿಯಲ್ಲಿ ಧಾರವಾಡದ ಕಡೆಗೆ ಓಡುವ ಚಿಗರಿ ಬಸ್ ಹತ್ತಿ, ವಿದ್ಯಾನಗರದ ನಿನ್ನ ಓಣಿಯನ್ನು ಕಿಟಕಿಯಿಂದ ನೋಡುತ್ತ ಹಾದುಹೋದಳು. ಸಂಜೆ ಅದೇ ದಾರಿಯಲ್ಲಿ ವಾಂತಿ ತಡೆದುಕೊಳ್ಳುತ್ತ ಸುಮಾರು 60 ಕಿಲೋಮೀಟರ್ ಮರಳಿ ಬಂದಳು. ನಡುವೆ ತಮ್ಮನ ಮನೆಯಿದೆ ಎಂಬುದನ್ನು ಆಕೆ ಮರೆತಿರಲಿಲ್ಲ.

ನಿಮ್ಮಪ್ಪನ ಎರೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಣ್ಣುಮಕ್ಕಳ ಹೆಸರೂ ಸೇರಬೇಕೆಂಬ ಮಾತು ಎದ್ದ ದಿನದಿಂದ ಅಕ್ಕ, ತಂಗಿ, ನೀನು, ನಿಮ್ಮ ಮೂವರ ನಡುವೆ ಮಾತು ನಿಂತಿತು. ನಾಲ್ಕು ಪಂಚಮಿಗಳು ಹೋದವು, ಅವರಿಬ್ಬರೂ ತವರಿಗೆ ಬಂದು ಉಂಡಿ ತಿನ್ನಲಿಲ್ಲ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿ ಮಗಳಿಗೂ ಮಗನಷ್ಟೇ ಹಕ್ಕು ಬಂದ ಮೇಲೆ ಆ ಪಾಲು ಯಾರೂ ಕೊಡುವ ದಾನವಲ್ಲ ಎಂಬ ನನ್ನ ಅಭಿಪ್ರಾಯ ನಿನಗೆ ಗೊತ್ತೇ ಇದೆ; ಆದರೆ ಈ ಪತ್ರ ಅದಕ್ಕಾಗಿ ಅಲ್ಲ. ಮೊದಲು ವ್ಯಾಜ್ಯ ಬಗೆಹರಿಯಲಿ, ಆಮೇಲೆ ಹೋಗಿ ಅಕ್ಕನನ್ನು ಮಾತನಾಡಿಸುತ್ತೇನೆ ಎಂದೆಯಲ್ಲ, ಆ ಮಾತು ನನಗೆ ಸರಿಕಾಣಲಿಲ್ಲ.

ಹದಿನಾಲ್ಕು ವರ್ಷಗಳ ಹಿಂದೆ, ನನ್ನ 52ನೇ ವಯಸ್ಸಿನಲ್ಲಿ, ಇದೇ ಕಾಯಿಲೆ ನನಗೆ ಬಂದದ್ದು ನಿನಗೆ ನೆನಪಿರಬಹುದು. ಒಂದು ಸ್ತನವನ್ನೂ ಕಂಕುಳಿನ ಗಂಟುಗಳನ್ನೂ ತೆಗೆದ ಮೇಲೆ ಗಾಯದ ನೀರು ಇಳಿಯಲು ಪಕ್ಕದಲ್ಲೊಂದು ಕೊಳವೆ, ಅದರ ತುದಿಗೊಂದು ಡಬ್ಬಿ ಇಟ್ಟು ಮನೆಗೆ ಕಳಿಸಿದ್ದರು. ಪ್ರತಿದಿನ ಆ ನೀರನ್ನು ಅಳೆದು ಬರೆದಿಡಬೇಕಾಗಿತ್ತು. ಶುಭಕಾರ್ಯದಲ್ಲಿ ಉಡುಗೊರೆಯಾಗಿ ಕೊಡುವ ಆಯೇರಿಯ ಸೀರೆಯೊಂದರ ಮಾತಿಗೆ ನಿಮ್ಮಪ್ಪನಿಗೂ ನನಗೂ ಆಗ ಮೂರು ವರ್ಷದಿಂದ ಮಾತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ಆತ ಬೀಜ-ಗೊಬ್ಬರದ ಲೆಕ್ಕ ಬರೆಯುವ ವಹಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಡಬ್ಬಿಯನ್ನು ಬಿಚ್ಚಿಕೊಡುವಾಗ ಗೋಡೆಯ ಕಡೆಗೆ ಮುಖ ಮಾಡಿ ನಿಂತು, ಅಳತೆಯ ಬಟ್ಟಲಿಗೆ ಸುರಿದು, 110 ಮಿಲಿಲೀಟರ್ ಎಂದು ಹತ್ತಿಬೀಜದ ಲೆಕ್ಕದ ಕೆಳಗೆ ಬರೆದ. ಮರುದಿನವೂ ಬಂದ. ದಿನಕ್ಕೆ 30ಕ್ಕಿಂತ ಕಡಿಮೆಯಾಗಿ ವೈದ್ಯರು ಕೊಳವೆ ತೆಗೆಯುವವರೆಗೆ "ಇವತ್ತ ಎಷ್ಟಾತವಾ?" ಎಂಬುದೊಂದೇ ನಮ್ಮಿಬ್ಬರ ನಡುವಿನ ಮಾತಾಗಿತ್ತು. ಆ ಸೀರೆಯ ವಿಷಯವನ್ನು ನಾವು ಮುಂದೆಂದೂ ಎತ್ತಲಿಲ್ಲ, ಆತ ಕ್ಷಮೆಯನ್ನೂ ಕೇಳಲಿಲ್ಲ. ತಪ್ಪು ಆತನದೇ ಎಂದು ನಾನು ಇಂದಿಗೂ ಅನ್ನುತ್ತೇನೆ. ಆದರೆ ಆತ ತೀರಿಕೊಳ್ಳುವವರೆಗೆ ನಾವಿಬ್ಬರೂ ಒಂದು ದಿನವೂ ಮಾತು ಬಿಟ್ಟಿರಲಿಲ್ಲ.

ಅಕ್ಕ ನಿನಗೇಕೆ ತಿಳಿಸಲಿಲ್ಲ ಎಂಬುದನ್ನು ನಾನೇ ಹೇಳಿಬಿಡುತ್ತೇನೆ, ಆಕೆ ಹೇಳುವವಳಲ್ಲ. ನಿನ್ನ ಮಗಳಿಗೆ ಸಂಬಂಧ ನೋಡುತ್ತಿರುವ ಈ ಹೊತ್ತಿನಲ್ಲಿ ಮನೆತನಕ್ಕೇ ಕ್ಯಾನ್ಸರ್ ಇದೆಯೆಂಬ ಮಾತು ಹಬ್ಬಬಾರದೆಂದು ಆಕೆ ಬಾಯಿ ಮುಚ್ಚಿಕೊಂಡಿದ್ದಳು. ಅಂದರೆ ಮಾತು ಬಿಟ್ಟ ತಮ್ಮನ ಮಗಳ ಚಿಂತೆಯೂ ಆಕೆಯ ತಲೆಯ ಮೇಲಿತ್ತು. ಬಹುಪಾಲು ಸ್ತನ ಕ್ಯಾನ್ಸರುಗಳು ವಂಶದಿಂದ ಬರುವವಲ್ಲ, ನೂರರಲ್ಲಿ 5ರಿಂದ 10 ಮಾತ್ರ ಹಾಗೆ ಬರುತ್ತವೆ. ಆದರೂ ನನಗೆ ಬಂದು, ಈಗ 41ನೇ ವಯಸ್ಸಿಗೇ ಆಕೆಗೂ ಬಂದಿರುವುದರಿಂದ ವೈದ್ಯರು, ಈ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ದೋಷ ವಂಶದಿಂದ ಬಂದಿದೆಯೇ ಎಂದು ನೋಡುವ ಬಿಆರ್‌ಸಿಎ ಜೀನಿನ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಆ ದೋಷ ತಾಯಿಯ ಕಡೆಯಿಂದ ಮಾತ್ರ ಬರುವುದೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ತಂದೆಯ ಕಡೆಯಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ. ಆಕೆಯಲ್ಲಿ ಆ ದೋಷ ಕಂಡುಬಂದರೆ ಅದು ನಿನ್ನಲ್ಲಿಯೂ ರಾಣೆಬೆನ್ನೂರಿನ ತಂಗಿಯಲ್ಲಿಯೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಗಂಡಸೆಂದು ನಿನಗೆ ವಿನಾಯಿತಿಯಿಲ್ಲ. ತಂಗಿಯಂತೂ ಫಲಿತಾಂಶಕ್ಕೆ ಕಾಯದೆ ಈಗಲೇ ವೈದ್ಯರಿಗೆ ತೋರಿಸಿಕೊಳ್ಳಲಿ. ನಾಚಿಕೆಯಿಂದ ಏಳು ತಿಂಗಳು ಗಂಟನ್ನು ಮುಚ್ಚಿಟ್ಟುಕೊಂಡವಳು ನಾನು, ಆ ತಪ್ಪು ನಮ್ಮ ಮನೆಯಲ್ಲಿ ಮತ್ತೆ ಆಗಬಾರದು.

ಅಕ್ಕನ ಗಂಡನಿಗೆ ಅಂಗಡಿ ಬಿಟ್ಟು ಪ್ರತಿಸಲವೂ ಬರಲಾಗುವುದಿಲ್ಲ. ಆದ್ದರಿಂದ ಕೀಮೋ ದಿನವೂ ಮರುದಿನವೂ ಆಕೆ ನಿನ್ನ ಮನೆಯಲ್ಲಿರಲಿ. ಕೀಮೋ ಆದ ಎರಡನೆಯ ವಾರಕ್ಕೆ ತಂಗಿ ಗದಗಕ್ಕೆ ಬರಲಿ. ಆ ವಾರದ ಹೊತ್ತಿಗೆ ರಕ್ತದ ಬಿಳಿಕಣಗಳು ಇಳಿದಿರುತ್ತವೆ. ಜ್ವರ 100.4 ಡಿಗ್ರಿ ಮುಟ್ಟಿತೆಂದರೆ ರಾತ್ರಿಯೆನ್ನದೆ ಆಸ್ಪತ್ರೆಗೆ ಒಯ್ಯಬೇಕು, ಮನೆಯಲ್ಲಿ ಗುಳಿಗೆ ನುಂಗಿಸಿ ಬೆಳಗಾಗಲೆಂದು ಕಾಯಬಾರದು. ಎರಡು ಮೂರು ವಾರಗಳಲ್ಲಿ ಕೂದಲು ಉದುರುತ್ತದೆ. ಅದನ್ನು ಕಂಡು ನೀನು ಕಣ್ಣೀರು ಹಾಕಿದರೆ ಆಕೆಯೇ ನಿನ್ನನ್ನು ಸಮಾಧಾನ ಮಾಡಲು ಕೂರುತ್ತಾಳೆ, ಆಕೆಯ ಸ್ವಭಾವ ನಿನಗೆ ಗೊತ್ತು. ಎಷ್ಟನೆಯ ಸ್ಟೇಜು ಎಂದು ಕೇಳಲೆಂದೇ ಬರುವ ಬೀಗರನ್ನೂ ನಾಟಿ ಔಷಧದ ಪುಡಿ ತರುವವರನ್ನೂ ಬಾಗಿಲಲ್ಲೇ ಚಹಾ ಕುಡಿಸಿ ಕಳಿಸುವುದು ನಿನ್ನ ಕೆಲಸ.

ಇನ್ನೊಂದು ಮಾತು. ನಿನ್ನ ಮನೆಯಲ್ಲಿ ನಾಲ್ಕು ದಿನ ಗಂಜಿ ಕುಡಿದ ಮೇಲೆ ಆಕೆಯೇ ಒಂದು ದಿನ, ಆ ಹೊಲದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತೇನೆ, ತರಿಸು ಎಂದಾಳು. ತರಿಸಬೇಡ. ಕಾಯಿಲೆಯಲ್ಲಿ ಮಲಗಿದವರಿಂದ, ಅವರಾಗಿಯೇ ಕೊಟ್ಟರೂ, ಸಹಿ ತೆಗೆದುಕೊಂಡರೆ ನೀನು ಕೊಟ್ಟ ಗಂಜಿಗೆ ಬೆಲೆ ಕಟ್ಟಿದಂತಾಗುತ್ತದೆ. ಚಿಕಿತ್ಸೆಯೆಲ್ಲ ಮುಗಿದು ಆಕೆ ಮೊದಲಿನಂತೆ ನಿನ್ನ ಮೇಲೆ ರೇಗುವಷ್ಟು ಗಟ್ಟಿಯಾದ ಮೇಲೆ ಮೂವರೂ ಕೂತು ಬೇಕಾದಷ್ಟು ಜಗಳವಾಡಿರಿ.

ಎರಡನೆಯ ಕೀಮೋ ಬರುವ ಗುರುವಾರ. ಆಕೆಗೆ ಮುಂಚಿತವಾಗಿ ಏನನ್ನೂ ಹೇಳದೆ, ಎಂಟು ಗಂಟೆಗೆ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತಿರು. ನಿಮ್ಮಪ್ಪನ ಆ ವಹಿ ನನ್ನ ಟ್ರಂಕಿನಲ್ಲಿತ್ತು, ಹಿಂದಿನ ಹಾಳೆಗಳು ಖಾಲಿಯೇ ಉಳಿದಿವೆ. ಆಕೆಯ ಚೀಲದಲ್ಲಿ ಇಟ್ಟು ಕಳಿಸುತ್ತಿದ್ದೇನೆ, ಜ್ವರ ನೋಡಿ ಬರೆದಿಡಲು ಬರುತ್ತದೆ. ಥರ್ಮಾಮೀಟರ್ ಮಾತ್ರ ನೀನೇ ಕೊಳ್ಳಬೇಕು.

ಇಂತಿ ನಿನ್ನ ಅತ್ತೆ