ದೀಪ ಹಚ್ಚಿದ ಮೇಲೆ ಒಂದು ಗುಳಿಗೆ

ದಿನಾ ಸಂಜೆ ಗುಳಿಗೆ ತಿನ್ನಲು ಶುರುಮಾಡಿ ಈ ತಿಂಗಳಿಗೆ ಏಳು ವರ್ಷ ಆಯ್ತು. ಏಳು ವರ್ಷದಲ್ಲಿ ನನ್ನ ಮೈಯಲ್ಲಿ ಎಲ್ಲೂ ರಕ್ತ ಹೆಪ್ಪುಗಟ್ಟಿಲ್ಲ. ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲ, ಬದಿಯಡ್ಕ ಕಡೆಯ ಎಷ್ಟೋ ಜನ ನನ್ನ ಜೊತೆ ನಿಂತಿದ್ದೀರಿ. ಎದುರು ಸಿಕ್ಕಾಗ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ಸಲ ಹೆಪ್ಪುಗಟ್ಟಿದ್ದು ಮಗಳು ಹುಟ್ಟಿ ಹದಿನೈದು ದಿನಕ್ಕೆ, ಎಡಗಾಲು ಬಾತುಕೊಂಡಿತು. ಬಾಣಂತಿಗೆ ವಾಯು ಅಂತ ಎಣ್ಣೆ ಹಚ್ಚಿ ತಿಕ್ಕಿದೆವು. ಹಾಗೆ ತಿಕ್ಕಲೇಬಾರದು, ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು ಅಂತ ಆಮೇಲೆ ಗೊತ್ತಾಯ್ತು. ಆರು ತಿಂಗಳು ಔಷಧಿ ಕೊಟ್ಟು ನಿಲ್ಲಿಸಿದರು. 2018ರಲ್ಲಿ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದವಳು ಉಸಿರು ಸಿಗದೆ ಕುಸಿದೆ. ಈ ಸಲ ಶ್ವಾಸಕೋಶದಲ್ಲೇ. ಕೇಳಿದ ಕೂಡಲೇ ಜೀಪು ತಂದು ಮಂಗಳೂರಿಗೆ ಮುಟ್ಟಿಸಿದ ನೆರೆಮನೆಯವರೇ, ನಿಮ್ಮ ಋಣ ದೊಡ್ಡದು.

ಹನ್ನೆರಡು ವಾರ ಬಿಟ್ಟು ಎರಡನೇ ಸಲ ಪರೀಕ್ಷೆ ಮಾಡಿದ ಮೇಲೆ ಕಾಯಿಲೆಯ ಹೆಸರು ಖಚಿತವಾಯಿತು: ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್, ಅಂದರೆ ಮೈಯ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ರಕ್ತ ಹೆಪ್ಪುಗಟ್ಟಿಸುವ ಕಾಯಿಲೆ. ನನ್ನಂಥವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಗುಳಿಗೆಗಳಿಗಿಂತ ಹಳೆಯ ವಾರ್ಫರಿನ್ನೇ ನಂಬಿಕೆಯದ್ದು ಎಂದರು. ಜೀವನಪೂರ್ತಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಐಎನ್‌ಆರ್ ಅಂಕಿ 2ರಿಂದ 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ.

ಅತ್ತೆಗೆ ಐಎನ್‌ಆರ್ ಅಂದರೇನು ಗೊತ್ತಿಲ್ಲ. ಆದರೆ ಬಸಳೆ, ನುಗ್ಗೆಸೊಪ್ಪು ಒಂದು ದಿನ ಜಾಸ್ತಿ, ಒಂದು ದಿನ ಇಲ್ಲ ಅಂತಾದರೆ ಗುಳಿಗೆಯ ಲೆಕ್ಕ ತಪ್ಪುತ್ತದೆ ಅಂತ ಗೊತ್ತು. ಸೊಪ್ಪು ಬಿಡಬೇಕಿಲ್ಲ, ಒಂದೇ ಹದದಲ್ಲಿ ತಿನ್ನಬೇಕು. ಹಟ್ಟಿಯ ಪಕ್ಕದ ಚಪ್ಪರದಿಂದ ಅವರು ಕೊಯ್ಯುವುದು ನನ್ನ ಪಾಲಿಗೆ ಸರಿಯಾಗಿ ಒಂದು ಹಿಡಿ. ಸಂಜೆ ದೀಪ ಹಚ್ಚಿ ಬಂದವರೇ ಕೇಳುತ್ತಾರೆ, "ಗುಳಿಗೆ ಆಯ್ತಾ?" ಏಳು ವರ್ಷದಲ್ಲಿ ಒಂದು ಸಂಜೆಯೂ ಮರೆತಿಲ್ಲ. ಅತ್ತೇ, ನಿಮಗೆ ನಾನು ಏನು ಕೊಟ್ಟರೂ ಕಡಿಮೆಯೇ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಕರ್ನಾಟಕದ ಗಡಿ ಮುಚ್ಚಿದಾಗ ಡಬ್ಬಿಯಲ್ಲಿ ಉಳಿದದ್ದು ನಾಲ್ಕೇ ಗುಳಿಗೆ. ಮಂಗಳೂರು ಅಷ್ಟು ಹತ್ತಿರ ಇದ್ದೂ ಹೋಗುವ ಹಾಗಿಲ್ಲ. ಆ ದಿನಗಳಲ್ಲಿ ಚಿಕಿತ್ಸೆ ಸಿಗದೆ ನಮ್ಮ ಜಿಲ್ಲೆಯಲ್ಲಿ ಜೀವಗಳೇ ಹೋದವು. ಮೂರನೇ ದಿನ ಕೇರಳ ಅಗ್ನಿಶಾಮಕ ದಳದ ಕೆಂಪು ವಾಹನ ನಮ್ಮ ಅಂಗಳದ ಬದಿಗೆ ಬಂದು ನಿಂತಿತು. ಮಾಸ್ಕ್ ಹಾಕಿದ್ದ ಹುಡುಗ "ಚೇಚೀ, ಮರುನ್ನ್" (ಅಕ್ಕಾ, ಔಷಧಿ) ಅಂತ ಪೊಟ್ಟಣ ಚಾಚಿದ. ಅವನ ಮುಖ ನಾನು ಪೂರ್ತಿ ನೋಡಲಿಲ್ಲ. ಆ ಕೈ ಮಾತ್ರ ಈಗಲೂ ಕಣ್ಣ ಮುಂದಿದೆ. ದಾರಿಯಲ್ಲಿ ಸಿಕ್ಕರೂ ಗುರುತು ಸಿಗಲಿಕ್ಕಿಲ್ಲ, ಅದೊಂದು ಬೇಸರ.

ಲ್ಯಾಬಿನ ತಂಗಿ, ನಿನಗೆ. ಕಳೆದ ವರ್ಷ ಜ್ವರಕ್ಕೆ ಆಂಟಿಬಯೋಟಿಕ್ ತಿಂದ ಮೇಲೆ ಬ್ರಷ್ ಮಾಡುವಾಗೆಲ್ಲ ವಸಡಿನಲ್ಲಿ ರಕ್ತ ಬರುತ್ತಿತ್ತು. ಸುಮ್ನೆ ಇರಬಹುದು ಅಂದುಕೊಂಡಿದ್ದೆ. ಪರೀಕ್ಷೆಯಲ್ಲಿ ಐಎನ್‌ಆರ್ 5.8 ಬಂತು. ರಿಪೋರ್ಟು ಮರುದಿನ ಕೊಟ್ಟರೂ ನಡೆಯುತ್ತಿತ್ತು, ಅಲ್ವಾ? ನೀನು ಆಗಲೇ ಫೋನ್ ಮಾಡಿದೆ: "ಅಕ್ಕಾ, ಇವತ್ತಿನ ಗುಳಿಗೆ ತಿನ್ನುವ ಮೊದಲು ಡಾಕ್ಟರನ್ನು ಕೇಳಿ." ಡಾಕ್ಟರು ಎರಡು ದಿನ ಗುಳಿಗೆ ನಿಲ್ಲಿಸಿದರು, ಮತ್ತೆ ಪರೀಕ್ಷೆ ಮಾಡಿಸಿದರು. ಈಗ ಯಾರು ಯಾವ ಔಷಧಿ ಕೊಟ್ಟರೂ, ಅದು ನೋವಿನ ಮಾತ್ರೆಯಾಗಲಿ ಕಷಾಯವಾಗಲಿ, ಮೊದಲು ವಾರ್ಫರಿನ್ ಹೆಸರು ಹೇಳುತ್ತೇನೆ.

ಮಂಗಳವಾರ ಎಂಟು ಗಂಟೆಯ ಬಸ್ಸಿಗೆ ಪರೀಕ್ಷೆಗೆ ರಕ್ತ ಕೊಡಲು ಬರುತ್ತೇನೆ. ಅತ್ತೆ ನಿನಗಾಗಿ ಒಂದು ದೊಡ್ಡ ಕಟ್ಟು ಬಸಳೆ ಕೊಯ್ದಿಡುತ್ತಾರಂತೆ.