ಆಗಸ್ಟ್ 23 ನಮ್ಮ ಯಲ್ಲಾಪುರದಲ್ಲೂ ಆಚರಣೆಯಾಗಲಿ

ಮಾನ್ಯ ಸಂಪಾದಕರೇ,

ಜೂನ್ ತಿಂಗಳಲ್ಲಿ ನಿಮ್ಮ ಪತ್ರಿಕೆಯ ವಿದೇಶ ಪುಟದಲ್ಲಿ ಅಮೆರಿಕದ ಜೂನ್‌ಟೀಂತ್ ಬಗ್ಗೆ ಬರಹ ಬಂದಿತ್ತು. 1865ರ ಜೂನ್ 19ರಂದು ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ಗೆ ಸೇನಾಧಿಕಾರಿ ಬಂದು, ಗುಲಾಮರೆಲ್ಲ ಸ್ವತಂತ್ರರು ಎಂದು ಆದೇಶ ಹೊರಡಿಸಿದ ದಿನ ಅದು. ಅಧ್ಯಕ್ಷ ಲಿಂಕನ್ ಬಿಡುಗಡೆಯ ಘೋಷಣೆ ಮಾಡಿ ಆಗಲೇ ಎರಡೂವರೆ ವರ್ಷ ಕಳೆದಿತ್ತಂತೆ. ಬರಹ ಚೆನ್ನಾಗಿತ್ತು. ಆದರೆ ಗುಲಾಮಗಿರಿ ಅಂದರೆ ಅಮೆರಿಕ, ಹತ್ತಿಹೊಲ, ಅಷ್ಟೇ ಅಂತ ಓದಿದವರಿಗೆ ಅನಿಸಿರುತ್ತದೆ. ನಮ್ಮ ಉತ್ತರ ಕನ್ನಡದ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಗುಲಾಮರ ವ್ಯಾಪಾರದ ನೆನಪಿನ ದಿನವಾದ ಆಗಸ್ಟ್ 23ನ್ನು ಇಲ್ಲಿನ ಸಿದ್ದಿಗಳಿಗಾಗಿ ನಮ್ಮಲ್ಲೂ ಆಚರಿಸಬೇಕು ಅಂತ ಈ ಪತ್ರ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಹಳ್ಳಿ ರೂಟುಗಳಲ್ಲೇ ಜಾಸ್ತಿ ದುಡಿದೆ. ಸಿದ್ದಿಗಳು ನನ್ನ ದಿನನಿತ್ಯದ ಪ್ರಯಾಣಿಕರು. ಅವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ, ಮುಖ್ಯವಾಗಿ ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ನಮ್ಮ ಕಾಡು ಸೇರಿದರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಹೆಚ್ಚಿನವರ ಮನೆಯಲ್ಲಿ ಕೊಂಕಣಿ, ಪೇಟೆಗೆ ಬಂದರೆ ಕನ್ನಡ.

ಬಸ್ಸಿನಲ್ಲಿ ನಾನು ಕಂಡಿದ್ದನ್ನು ಹೇಳುತ್ತೇನೆ. ಸಂತೆ ದಿನ ಬಸ್ಸು ಗಿಜಿಗಿಜಿ ತುಂಬಿದೆ. ಫುಟ್‌ಬೋರ್ಡಿನ ತನಕ ಜನ ನಿಂತಿದ್ದಾರೆ. ಸಿದ್ದಿ ಹೆಂಗಸೊಬ್ಬಳ ಪಕ್ಕದ ಸೀಟು ಮಾತ್ರ ಖಾಲಿ. ನಿಂತವರಿಗೆ ‘ಕೂತ್ಕೊಳ್ಳಿ ಅಮ್ಮಾ, ಸೀಟಿದೆಯಲ್ಲ’ ಅಂದರೆ, ‘ಇರ್ಲಿ ಬಿಡಿ, ಇಲ್ಲೇ ಇಳೀತೀನಿ’ ಅನ್ನುತ್ತಿದ್ದರು. ಟಿಕೆಟ್ ಹರಿದು ಕೊಟ್ಟವನು ನಾನು. ಅವರ ಕೈಯಲ್ಲಿ ಇರುತ್ತಿದ್ದದ್ದು ಹಳಿಯಾಳದ ಟಿಕೆಟ್! ಆ ಹೆಂಗಸು ಕಿಟಕಿಯ ಆಚೆ ನೋಡುತ್ತಾ, ಮಡಿಲಲ್ಲಿದ್ದ ಕವುದಿ ಗಂಟನ್ನು ಇನ್ನಷ್ಟು ಒತ್ತರಿಸಿ ಕೂರುತ್ತಿದ್ದಳು. ಜಾಗ ಸಾಲದೆ ಜನ ನಿಂತಿದ್ದಾರೇನೋ ಅನ್ನುವ ಹಾಗೆ.

ಇನ್ನೊಂದು ಸಲ, ಪ್ರವಾಸಕ್ಕೆ ಬಂದಿದ್ದ ಹುಡುಗರು ಕಾಲೇಜು ಬ್ಯಾಗ್ ಹಾಕಿಕೊಂಡಿದ್ದ ಸಿದ್ದಿ ಹುಡುಗಿಯನ್ನು ಇಂಗ್ಲಿಷಿನಲ್ಲಿ ‘ಯಾವ ದೇಶ ನಿಮ್ಮದು’ ಅಂತ ಕೇಳಿದರು. ‘ಮಂಚಿಕೇರಿ ಹತ್ರ ಅಣ್ಣಾ. ನಿಮ್ದು ಯಾವೂರು?’ ಅಂದಳು. ಇಡೀ ಬಸ್ಸು ನಕ್ಕಿತು. ಅವಳು ನಗಲಿಲ್ಲ. ಇದೇ ಪ್ರಶ್ನೆಗೆ ಅವಳು ಎಷ್ಟು ಸಲ ಉತ್ತರ ಕೊಟ್ಟಿರಬೇಕು ಹೇಳಿ. ಎಷ್ಟೋ ತಲೆಮಾರಿನಿಂದ ಇಲ್ಲೇ ಇರುವವರಿಗೆ ಕೇಳುವ ಪ್ರಶ್ನೆ ಇದು!

ಅಮೆರಿಕದಲ್ಲಿ ತಡವಾಗಿಯಾದರೂ ಯಾರೋ ಬಂದು ಸಾರಿದರು. ಇಲ್ಲಿನ ಕಥೆ ಬೇರೆ. ಬ್ರಿಟಿಷರು 1833ರಲ್ಲಿ ಗುಲಾಮಗಿರಿ ರದ್ದು ಮಾಡಿದಾಗ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿದ್ದರು. 1843ರಲ್ಲಿ ಇಲ್ಲಿಗೂ ಒಂದು ಕಾಯ್ದೆ ಬಂತು. ಅದು ಮುಖ್ಯವಾಗಿ ಹೇಳಿದ್ದು, ಗುಲಾಮ ನನ್ನ ಸ್ವತ್ತು ಅಂತ ಬಂದರೆ ಕೋರ್ಟು ಒಪ್ಪುವುದಿಲ್ಲ ಅಂತ. ಗುಲಾಮರನ್ನು ಕೊಳ್ಳುವುದು, ಮಾರುವುದು ಶಿಕ್ಷೆಯ ಅಪರಾಧವಾಗಿದ್ದು 1860ರ ದಂಡಸಂಹಿತೆಯಲ್ಲಿ. ಪೋರ್ಚುಗೀಸರು 1869ರಲ್ಲಿ ಕಾನೂನು ಮಾಡಿದರು. ಅದರಲ್ಲೂ, ಬಿಡುಗಡೆಯಾದವರು ಇನ್ನಷ್ಟು ವರ್ಷ ಹಳೇ ಒಡೆಯನಿಗೇ ದುಡಿಯಬೇಕೆಂಬ ಷರತ್ತು! ಹಾಗಾಗಿ ಸಿದ್ದಿಗಳ ಹಿರಿಯರು ಯಾರ ಆದೇಶಕ್ಕೂ ಕಾಯಲಿಲ್ಲ. ನಡೆದೇ ಘಟ್ಟ ದಾಟಿದರು. ಇಲ್ಲಿ ಬಂದ ಮೇಲೂ ಎಷ್ಟೋ ಜನ ಮತ್ತೊಬ್ಬರ ಗದ್ದೆ, ತೋಟದಲ್ಲಿ ಸಾಲಕ್ಕೆ ದುಡಿದರು ಅನ್ನುವುದು ಬೇರೆ ಮಾತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಕಾಡಿನ ಜಮೀನಿಗೆ ಹಕ್ಕುಪತ್ರ ಸಿಗಲು ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ಸಾಗುವಳಿ ಮಾಡುತ್ತಿದ್ದರೆ ಸಾಕು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಬೆಳಗಾವಿ, ಧಾರವಾಡ ಜಿಲ್ಲೆಯ ಸಿದ್ದಿಗಳನ್ನು ಪಟ್ಟಿಗೆ ಸೇರಿಸಿದ್ದು 2020ರಲ್ಲಿ. ಒಂದೇ ಕುಲ, ಆ ಕಡೆ ಈ ಕಡೆ ಹೆಣ್ಣು ಕೊಟ್ಟು ತಂದವರು. ಆದರೂ ಜಿಲ್ಲೆಯ ಗಡಿ ದಾಟಿದ್ದಕ್ಕೆ ಅಷ್ಟು ವರ್ಷ ಅವರಿಗೆ ಆ 75 ವರ್ಷದ ಲೆಕ್ಕ. ಒಡೆಯನ ಕಣ್ಣಿಗೆ ಬೀಳಬಾರದು ಅಂತ ಕಾಡು ಹೊಕ್ಕವರು ದಫ್ತರದಲ್ಲಿ ಹೆಸರು ಬರೆಸಿ, ರಸೀದಿ ಇಟ್ಟುಕೊಂಡು ಬದುಕುತ್ತಾರಾ? ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ ಅಂತ ಕಾಯ್ದೆಯ ನಿಯಮದಲ್ಲೇ ಇದೆ. ಅದನ್ನು ಮನಸಿಟ್ಟು ಜಾರಿ ಮಾಡಬೇಕು. ಮೂರೂ ಜಿಲ್ಲೆಯಲ್ಲಿ ತಿರಸ್ಕಾರವಾದ ಸಿದ್ದಿಗಳ ಅರ್ಜಿಗಳನ್ನು ಮತ್ತೆ ತೆರೆದು ನೋಡಬೇಕು.

ಒಳ್ಳೆಯದೇನೂ ಆಗಿಲ್ಲ ಅನ್ನುವುದಿಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಆ ಸಮುದಾಯದಿಂದ ಶಾಸನಸಭೆಗೆ ಹೋದವರಲ್ಲಿ ಅವರೇ ಮೊದಲಿಗರು. ಆ ದಿನ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಖುಷಿಯಿತ್ತು ಅಂತೀರಿ! ನಾಮಕರಣದಿಂದ ಸಿಕ್ಕ ಸ್ಥಾನ ಅನ್ನುವುದು ನಿಜ. ಮತ ಕೇಳಿ ಗೆದ್ದು ಬರುವ ಸಿದ್ದಿಯನ್ನೂ ನೋಡುವ ಆಸೆ ನನಗಿದೆ.

ಆಗಸ್ಟ್ 23ನ್ನು ಯುನೆಸ್ಕೋ ಗುಲಾಮರ ವ್ಯಾಪಾರ ಮತ್ತು ಅದರ ಅಂತ್ಯದ ನೆನಪಿನ ದಿನವಾಗಿ ಆಚರಿಸುತ್ತದೆ. 1791ರ ಆಗಸ್ಟ್ 22ರ ರಾತ್ರಿ, ಈಗಿನ ಹೈಟಿಯಲ್ಲಿ ಗುಲಾಮರೇ ದಂಗೆ ಎದ್ದರು. ಸಿದ್ದಿಗಳಿಗೆ ಈ ದಿನ ಹೆಚ್ಚು ಹೊಂದುತ್ತದೆ ಅಂತ ನನ್ನ ಅನಿಸಿಕೆ. ಅಲ್ಲೂ ಕಾಯುತ್ತಾ ಕೂತವರಿಲ್ಲ, ಇಲ್ಲೂ ಇಲ್ಲ. ನಮ್ಮ ಸರ್ಕಾರ ವರ್ಷವಿಡೀ ಎಷ್ಟೊಂದು ಜಯಂತಿ ಆಚರಿಸುತ್ತದೆ. ಯಲ್ಲಾಪುರದಲ್ಲೋ ಹಳಿಯಾಳದಲ್ಲೋ ಇದೊಂದು ದಿನ ನಡೆಯಲಿ. ಅರಣ್ಯ ಹಕ್ಕುಪತ್ರಗಳನ್ನು ಆ ದಿನವೇ ಹಂಚಲಿ. ಶಾಲೆಯ ಸಮಾಜ ಪಾಠದಲ್ಲಿ ಗೋವೆಯಿಂದ ಘಟ್ಟ ಹತ್ತಿದವರ ಬಗ್ಗೆ ಒಂದು ಪುಟ ಬರಲಿ. ಮುಂದೆ ಬಸ್ಸಿನಲ್ಲಿ ‘ಯಾವ ದೇಶ’ ಅಂತ ಕೇಳುವ ಹುಡುಗರು ಆಗಲಾದರೂ ಕಡಿಮೆಯಾಗಬಹುದು.

ಒಂದು ವಿನಂತಿ. ಸರ್ಕಾರಿ ಮೆರವಣಿಗೆಗೆ ಸಿದ್ದಿಗಳ ದಮಾಮಿ ಕುಣಿತ ಬೇಕೇ ಬೇಕು. ಮುಂದೆ ಕುಣಿಸುತ್ತಾರೆ, ಫೋಟೋ ತೆಗೆಯುತ್ತಾರೆ. ವೇದಿಕೆ ಕಾರ್ಯಕ್ರಮ ಶುರುವಾದರೆ ಅವರು ಹಿಂದುಗಡೆ ನಿಂತಿರುತ್ತಾರೆ. ಈ ದಿನ ಕುರ್ಚಿಯಲ್ಲಿ ಅವರು ಕೂರಲಿ, ಮೊದಲು ಅವರೇ ಮಾತಾಡಲಿ. ಮಂತ್ರಿಗಳಿಗೆ ಹಾಡೋ ಕುಣಿತವೋ ಬರುತ್ತಿದ್ದರೆ ಕೊನೆಗೆ ಅವರಿಗೂ ಅವಕಾಶ ಕೊಡಬಹುದು.

ಇಂತಿ,
ನಿವೃತ್ತ ಬಸ್ ನಿರ್ವಾಹಕ, ಯಲ್ಲಾಪುರ